ಕೆಂಪು ರಿಬ್ಬನ್ನಿನ ಬೇಸಿಗೆ

ಈ ಮೇ ತಿಂಗಳಲ್ಲಿ ಹಳೆಯ ಸಹೋದ್ಯೋಗಿಯೊಬ್ಬರ ಮಗಳ ಮದುವೆಗೆಂದು ಮತ್ತೆ ನಾಗಪುರಕ್ಕೆ ಹೋಗಿದ್ದೆ. ರೈಲಿನಿಂದ ಇಳಿಯುವಾಗ ಎದುರು ಸೀಟಿನ ಅಜ್ಜಿಯೊಬ್ಬರು ನನ್ನ ಸೂಟ್‌ಕೇಸಿನ ಹಿಡಿಕೆಗೆ ಕಟ್ಟಿದ್ದ ಕೆಂಪು ರಿಬ್ಬನ್ನಿನ ಚೂರನ್ನು ಮುಟ್ಟಿ ನೋಡಿದರು. ಇಷ್ಟು ಒಳ್ಳೆಯ ಪೆಟ್ಟಿಗೆಗೆ ಈ ಹರಕು ಯಾಕೆ ಕಟ್ಟಿದ್ದೀಯಮ್ಮಾ, ಹೊಸದೊಂದು ಸಿಗಲಿಲ್ಲವೇ ಎಂದು ಮರಾಠಿಯಲ್ಲಿ ಕೇಳಿದರು. ಇರಲಿ ಬಿಡಿ, ಗುರುತಿಗೆ ಎಂದೆ.

ಮದುವೆ ಮುಗಿದ ಸಂಜೆ, ಹೋಗಬೇಕೆಂದು ಯಾರೂ ಹೇಳದಿದ್ದರೂ, ಆಟೋ ಹಿಡಿದು ಪ್ರತಾಪ ನಗರಕ್ಕೆ ಹೋದೆ. ನಾನು ಒಂದು ವರ್ಷ ಬಾಡಿಗೆಗಿದ್ದ ಮನೆಯ ಗೇಟಿಗೆ ಈಗ ಬೇರೆ ಬಣ್ಣ ಬಳಿದಿದ್ದರು. ಬೀದಿಯ ಎರಡೂ ಬದಿಗೆ ಕಿಟಕಿಗೊಂದರಂತೆ ಕೂಲರುಗಳು ಗುರುಗುಡುತ್ತಿದ್ದವು. ಅವುಗಳೊಳಗೆ ನೆನೆದ ಲಾವಂಚದ ಪರಿಮಳ ರಸ್ತೆಯವರೆಗೆ ಬರುತ್ತಿತ್ತು. ಪಕ್ಕದ ಮನೆಯ ಮುಂದೆ ಯಾರೋ ಬಾಟಲಿಯಿಂದ ಬೈಕಿಗೆ ಪೆಟ್ರೋಲು ಸುರಿಯುತ್ತಿದ್ದರು. ಲಾವಂಚ, ಪೆಟ್ರೋಲು, ಎರಡೂ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ನಾನು ಗೇಟಿನ ಕಂಬಿ ಹಿಡಿದು ನಿಂತುಬಿಟ್ಟೆ. ಆಗ ಕೆಳಮನೆಯಲ್ಲಿದ್ದ ರೇವತಿ ಈಗಲೂ ಒಳಗಿನಿಂದ ಬಂದು, ನಿಂತು ಏನು ನೋಡ್ತಿದೀರಾ, ಆ ಇಕ್ಕಳ ಕೊಡಿ ಎನ್ನುತ್ತಾಳೇನೋ ಅನ್ನಿಸಿತು.

ನಾನು ನಾಗಪುರಕ್ಕೆ ಬಂದದ್ದು ಬಡ್ತಿಯ ಮೇಲೆ. ವಿಮಾ ಕಚೇರಿಯಲ್ಲಿ ಬಡ್ತಿ ಎಂದರೆ ಒಂದು ಕೈಯಲ್ಲಿ ಹಾರ, ಇನ್ನೊಂದು ಕೈಯಲ್ಲಿ ವರ್ಗಾವಣೆ. ಗಂಡನನ್ನೂ ಮಗನನ್ನೂ ಹುಬ್ಬಳ್ಳಿಯಲ್ಲಿ ಬಿಟ್ಟು, ಮುಖ ಊದಿಸಿಕೊಂಡೇ ಬಂದಿದ್ದೆ. ಮನೆ ಮಾಲೀಕರು ಬಾವನೆ ಕಾಕಾ, ನಿವೃತ್ತ ಮೇಷ್ಟರು, ಹಿಂದಿನ ಭಾಗದಲ್ಲಿ ಒಬ್ಬರೇ ಇರುತ್ತಿದ್ದರು. ಮೇಲಿನ ಎರಡು ಕೋಣೆ ನನ್ನದು. ಕೆಳಗಿನ ಮುಂಭಾಗದಲ್ಲಿ ರೇವತಿ, ಅವಳ ಮಗಳು ಸಿರಿ. ರೇವತಿ ಮೈಸೂರು ಕಡೆಯವಳು. ಗಂಡ ಪ್ರಕಾಶ್ ವಾಯುಪಡೆಯಲ್ಲಿ ಸಾರ್ಜೆಂಟ್, ವಿಮಾನದ ಎಂಜಿನ್ ನೋಡಿಕೊಳ್ಳುವವರು. ಹಿಂದಿನ ಮಳೆಗಾಲದಲ್ಲಿ ಅವರಿಗೆ ಅಸ್ಸಾಮಿಗೆ ಪೋಸ್ಟಿಂಗ್ ಆಗಿ ಮುಂದಾಗಿ ಹೋಗಿದ್ದರು. ಮಗಳ ಹತ್ತನೆಯ ಪರೀಕ್ಷೆಗಾಗಿ ತಾಯಿ ಮಗಳು ಇಲ್ಲಿ ಉಳಿದಿದ್ದರು. ಮೊದಮೊದಲು ನನಗೂ ರೇವತಿಗೂ ಇದ್ದದ್ದು ಮೆಟ್ಟಿಲ ಮೇಲಿನ ಊಟ ಆಯ್ತಾ, ನೀರು ಬಂತಾ ಇಷ್ಟೇ. ಅವಳ ದನಿ ಜೋರು. ಕೇಳಿದ್ದೆಲ್ಲ ಅಪ್ಪಣೆಯಂತೆ ಕೇಳಿಸುತ್ತಿತ್ತು. ನನಗೆ ಮೇಲಧಿಕಾರಿಗಳು ಕಚೇರಿಯಲ್ಲೇ ಸಾಕಷ್ಟಿದ್ದರು, ಆದ್ದರಿಂದ ಸ್ವಲ್ಪ ದೂರವೇ ಇದ್ದೆ.

ಆ ವರ್ಷದ ಮೇ ತಿಂಗಳ ಒಂದು ಬೆಳಗಿನ ಜಾವ ಕೆಳಗಿನಿಂದ ಧಡ್, ಧಡ್ ಎಂದು ಸದ್ದು ಶುರುವಾಯಿತು. ನಾಗಪುರದ ಬೇಸಿಗೆಯಲ್ಲಿ ನಿದ್ದೆ ಬರುವುದೇ ಆ ಹೊತ್ತಿಗೆ. ತಡೆಯುವಷ್ಟು ತಡೆದೆ. ಆಮೇಲೆ ಜಗಳಕ್ಕೆ ಸಿದ್ಧಳಾಗಿ ಇಳಿದು ಬಂದೆ. ಪಾರ್ಕಿಂಗಿನಲ್ಲಿ, ಕಾಕಾನ ಹಳೆಯ ಹಿಟ್ಟಿನ ಗಿರಣಿ ಎಂದು ನಾನು ತಿಳಿದಿದ್ದ ಹಸಿರು ತಾಡಪತ್ರಿಯ ಗುಡ್ಡೆ ಬಯಲಾಗಿತ್ತು. ಅಲ್ಲಿ ಎತ್ತರದ ಮಡ್‌ಗಾರ್ಡಿನ, ಮುಳ್ಳುಮುಳ್ಳು ಟೈರಿನ, ಮಣ್ಣಿನ ಹಾದಿಯಲ್ಲಿ ಹಾರಿಸಿ ಓಡಿಸುವಂಥ ಒಂದು ಬೈಕು ನಿಂತಿತ್ತು. ರೇವತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಅದನ್ನು ಒದೆಯುತ್ತಿದ್ದಳು.

"ಏನ್ರಿ ಇದು, ಮಂದಿ ಮಲಗೂದು ಬ್ಯಾಡೇನ್ರಿ?" ಎಂದೆ.

ಅವಳು ತಲೆ ಎತ್ತಲಿಲ್ಲ. "ಬಂದ್ರಾ, ಒಳ್ಳೇದಾಯ್ತು. ಈ ಟಾರ್ಚ್ ಹಿಡ್ಕೊಳ್ಳಿ. ಅಲ್ಲಾಡಿಸಬೇಡಿ."

ನಾನು ಹಿಡಿದೆ. ಯಾಕೆ ಹಿಡಿದೆ ಎಂದು ಇವತ್ತಿಗೂ ಗೊತ್ತಿಲ್ಲ. ಮಾರನೆಯ ದಿನವೂ ಹೋಗಿ ಹಿಡಿದೆ.

ಸಂಗತಿ ತಿಳಿದದ್ದು ಆ ದಿನದ ಚಹಾದ ಹೊತ್ತಿಗೆ. ರೇವತಿ ಆಟೊಮೊಬೈಲ್ ಡಿಪ್ಲೊಮಾ ಮಾಡಿದವಳು. ಮದುವೆಗೆ ಮೊದಲು ಮೈಸೂರಿನ ಒಂದು ಸರ್ವಿಸ್ ಸೆಂಟರಿನಲ್ಲಿ ಸೂಪರ್‌ವೈಸರ್ ಆಗಿದ್ದಳು. ಮೊದಲ ಪೋಸ್ಟಿಂಗಿಗೆ ಆ ಕೆಲಸ ಹೋಯಿತು. ಎರಡನೆಯದಕ್ಕೆ ಹೊಲಿಗೆ ಯಂತ್ರ, ಮೂರನೆಯದಕ್ಕೆ ತಾನೇ ಸಾಕಿದ ನಾಯಿ. ಲಾರಿಯಲ್ಲಿ ಜಾಗವಿಲ್ಲ, ಅಲ್ಲಿನ ಕ್ವಾರ್ಟರ್ಸ್ ಚಿಕ್ಕದು, ಪ್ರತಿ ಸಲವೂ ಇಂಥದೊಂದು ಕಾರಣ ಸರಿಯಾಗಿಯೇ ಇರುತ್ತಿತ್ತು. ಈ ಬೈಕನ್ನು ಅವಳು ಪುಣೆಯಲ್ಲಿದ್ದಾಗ ಕೊಂಡು, ಭಾನುವಾರಗಳಂದು ಊರಾಚೆಯ ದಿಬ್ಬಗಳ ಮೇಲೆ ಓಡಿಸುತ್ತಿದ್ದಳು. ಈಗ ಜೂನ್ ಮೊದಲ ವಾರ ಪ್ರಕಾಶ್ ರಜೆಯ ಮೇಲೆ ಬಂದು ಸಾಮಾನು ಲಾರಿಗೆ ಹಾಕಿಸುವವರಿದ್ದರು. ಫೋನಿನಲ್ಲಿ ಅವರು, ಓಡುವ ಗಾಡಿಯಾದರೆ ತರೋಣ, ಇಲ್ಲವಾದರೆ ಅಲ್ಲೇ ಯಾರಿಗಾದರೂ ಕೊಟ್ಟುಬಿಡು ಎಂದಿದ್ದರು. ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ನಾಟಿತ್ತು.

"ಪ್ರತಿ ಊರಲ್ಲೂ ಏನಾದ್ರೂ ಬಿಟ್ಟೇ ಹೊರಟಿದೀನಿ ಕಣ್ರೀ. ಈ ಸಲ ಬಿಡಲ್ಲ" ಎಂದಳು.

ಅಷ್ಟು ದೊಡ್ಡ ವಿಮಾನದ ಎಂಜಿನ್ ಬಲ್ಲ ಗಂಡನನ್ನೇ ಫೋನಿನಲ್ಲಿ ಒಂದು ಮಾತು ಕೇಳಬಾರದೇ ಎಂದೆ. ಅವಳು ಲೋಟ ಕೆಳಗಿಟ್ಟು ನನ್ನನ್ನು ನೋಡಿದಳು.

"ಅವರು ಸ್ಟಾರ್ಟ್ ಮಾಡಿಕೊಟ್ರೆ ಅದು ಅವರ ಗಾಡಿ ಆಗುತ್ತೆ."

ಮತ್ತೆ ನಾನು ಆ ಮಾತು ಎತ್ತಲಿಲ್ಲ.

ಪ್ರಕಾಶ್ ಹೋಗುವ ಮುಂಚೆ ಬೈಕನ್ನು ವಿಮಾನದಂತೆಯೇ ಕಟ್ಟಿಟ್ಟಿದ್ದರು. ಅವರ ಕೆಲಸದಲ್ಲಿ ಒಂದು ಕಟ್ಟುನಿಟ್ಟು ಇದೆಯಂತೆ. ಎಂಜಿನ್ ನಿಂತಿರುವಾಗ ಅದರ ತೆರೆದ ಬಾಯಿಗಳಿಗೆಲ್ಲ ಮುಚ್ಚಳ ಹಾಕಬೇಕು, ಧೂಳು, ಹುಳು, ಹಕ್ಕಿ ಒಳಗೆ ಹೋಗದ ಹಾಗೆ. ಪ್ರತಿ ಮುಚ್ಚಳಕ್ಕೂ ಒಂದು ಉದ್ದನೆಯ ಕೆಂಪು ರಿಬ್ಬನ್ ಜೋತುಬಿಡಬೇಕು, ಹಾರುವ ಮೊದಲು ಯಾವುದನ್ನೂ ಮರೆಯದ ಹಾಗೆ. ರಿಬ್ಬನ್ ಕಂಡರೆ ಮುಚ್ಚಳ ಇದೆ, ಕಾಣದಿದ್ದರೆ ಇಲ್ಲ. ಹದಿನೇಳು ವರ್ಷದ ಸಂಸಾರದಲ್ಲಿ ರೇವತಿಗೂ ಅದು ವೇದವಾಕ್ಯವಾಗಿಬಿಟ್ಟಿತ್ತು. ಅವಳ ಮನೆಯಲ್ಲಿ ಉಪ್ಪಿನಕಾಯಿಯ ಭರಣಿಗೂ ಕೆಂಪು ದಾರ ಕಟ್ಟಿರುತ್ತಿತ್ತು. ಬೈಕಿನ ಮೇಲೆ ಕಂಡ ರಿಬ್ಬನ್ನುಗಳನ್ನೆಲ್ಲ ಅವಳು ಮೊದಲ ದಿನವೇ ಮುಚ್ಚಳದ ಸಮೇತ ಬಿಚ್ಚಿದ್ದಳು. ನಾಲ್ಕು ಕೆಂಪು ರಿಬ್ಬನ್ನುಗಳು ಪಾರ್ಕಿಂಗಿನ ಮೊಳೆಗೆ ನೇತಾಡುತ್ತಿದ್ದವು.

ಆ ಬೇಸಿಗೆಯ ಬೆಳಗುಗಳು ಹೀಗೆ ಶುರುವಾದವು. ಸೂರ್ಯ ಮೇಲೇರಿದರೆ ಕಬ್ಬಿಣ ಮುಟ್ಟುವ ಹಾಗಿರಲಿಲ್ಲ, ಆದ್ದರಿಂದ ಬೆಳಕು ಹರಿಯುವ ಹೊತ್ತಿಗೆ ಇಳಿದು, ಹಾಲಿನವನು ಬಂದುಹೋಗಿ ಸ್ವಲ್ಪ ಹೊತ್ತಿನ ತನಕ ಕೆಲಸ. ಎಂಜಿನ್ನಿಗೆ ಬೇಕಾದ್ದು ಕಿಡಿ, ಪೆಟ್ರೋಲು, ಗಾಳಿ, ಒಳಗಿನ ಒತ್ತಡ ಇಷ್ಟೇ, ಯಾವುದು ಇಲ್ಲವೋ ಅದನ್ನು ಹುಡುಕಿದರಾಯಿತು ಎಂದು ರೇವತಿ ಹೇಳಿದಾಗ ನನಗೆ ಇದೇನು ಒಂದು ದಿನದ ಮಾತು ಎನ್ನಿಸಿತ್ತು. ಅವಳು ಅವಸರದವಳೆಂದು ತಿಳಿದಿದ್ದೆ. ಬಾಯಿಗೆ ಅವಸರ ನಿಜ, ಕೈಗೆ ಮಾತ್ರ ಇರಲಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಒದೆದು ನೋಡುವುದು, ಆಮೇಲೆ ಮುಂದಿನದು. ಎರಡನ್ನೂ ಒಟ್ಟಿಗೆ ಮಾಡಿಬಿಡೋಣ, ಹೊತ್ತು ಉಳೀತದ ಎಂದು ನಾನು ಅಂದರೆ, ಯಾವುದರಿಂದ ಸರಿಹೋಯಿತೆಂದು ಹೇಗೆ ಗೊತ್ತಾಗಬೇಕು ಎಂದು ಗದರುತ್ತಿದ್ದಳು.

ಟ್ಯಾಂಕಿನ ಹಳೆಯ ಪೆಟ್ರೋಲು ಹಳಸಿ ವಾರ್ನಿಶಿನಂತೆ ನಾರುತ್ತಿತ್ತು. ಅದನ್ನೆಲ್ಲ ಚೆಲ್ಲಿ ಹೊಸದು ಹಾಕಿದಳು. ಪ್ರಕಾಶ್ ತುಕ್ಕು ಹಿಡಿಯದಿರಲೆಂದು ಸಿಲಿಂಡರಿನೊಳಗೆ ಆಯಿಲ್ ಬಿಟ್ಟಿದ್ದರು. ಕಿಡಿ ಹೊತ್ತಿಸುವ ಪ್ಲಗ್ಗಿನ ತೂತು ತೆರೆದು ಒದೆದಾಗ ಅದು ಚಿಮ್ಮಿ ಬಂದು ನನ್ನ ಹಳದಿ ನೈಟಿಯ ಮೇಲೆ ಕೂತಿತು. ಆ ಕಲೆ ನಾಗಪುರ ಬಿಡುವವರೆಗೂ ಹೋಗಲಿಲ್ಲ. ಕಿಡಿ ನೋಡುವುದಕ್ಕೆ ಕತ್ತಲು ಬೇಕಿತ್ತು. ಅದಕ್ಕಾಗಿ ಇಬ್ಬರೂ ಬೈಕಿನ ಸಮೇತ ಒಂದು ಕಂಬಳಿ ಹೊದ್ದು, ಅವಳು ಕೈಯಿಂದ ಕಿಕ್ಕರ್ ಒತ್ತುವುದು, ನಾನು ಪ್ಲಗ್ಗಿನ ತುದಿ ನೋಡುವುದು. ವಾಕಿಂಗಿಗೆ ಹೊರಟ ಕಾಕಾ ಕಂಬಳಿಯೊಳಗಿನಿಂದ "ಕಂಡಿತಾ?" "ಇಲ್ರಿ" ಎಂಬ ಮಾತು ಕೇಳಿ ಒಂದು ಗಳಿಗೆ ನಿಂತವರು, ಮೆಲ್ಲಗೆ ಗೇಟು ಮುಚ್ಚಿಕೊಂಡು ಹೋದರು. ಸ್ವಿಚ್ಚಿನ ಒಳಗಿನ ತುಕ್ಕನ್ನು ಅವಳು ಉಜ್ಜಿ ತೆಗೆದ ಮೇಲೆ ಕಿಡಿ ಬಂತು. ನೀಲಿ, ಚಿಟಿಕೆಯಷ್ಟು. ನಾನು ಕಂಬಳಿಯೊಳಗೇ ಕೂಗಿಬಿಟ್ಟೆ. ಕಚೇರಿಯಲ್ಲಿ ಬಡ್ತಿಯ ಪತ್ರ ಕೈಗೆ ಬಂದಾಗಲೂ ಹಾಗೆ ಕೂಗಿರಲಿಲ್ಲ.

ಕೆಲಸ ಮುಗಿಸುವ ರೀತಿಯೂ ಪ್ರಕಾಶರಿಂದ ಬಂದದ್ದೇ. ಒಂದು ಹಸಿರು ಬಟ್ಟೆಯ ಮೇಲೆ ಪ್ರತಿ ಉಪಕರಣದ ಆಕಾರವನ್ನು ಸೀಮೆಸುಣ್ಣದಲ್ಲಿ ಬರೆದಿದ್ದಳು. ಎಲ್ಲವೂ ತಂತಮ್ಮ ಆಕಾರದ ಮೇಲೆ ಮಲಗುವವರೆಗೆ ಯಾರೂ ಏಳುವಂತಿಲ್ಲ. ಒಂದು ದಿನ ಸಣ್ಣ ಸ್ಕ್ರೂಡ್ರೈವರ್ ಸಿಗಲಿಲ್ಲ. ಕಚೇರಿಗೆ ಹೊತ್ತಾಗುತ್ತಿದೆ ಎಂದು ನಾನು ಗೋಳಾಡಿದರೂ ಬಿಡದೆ, ಎಂಜಿನ್ನಿನ ಕೆಳಗೆಲ್ಲ ಮಲಗಿ ಹುಡುಕಿದಳು. ಕೊನೆಗೆ ಅದು ನನ್ನ ತುರುಬಿನಲ್ಲಿ ಸಿಕ್ಕಿತು. ಸೆಕೆಗೆ ಕೂದಲು ಎತ್ತಿ ಕಟ್ಟುವಾಗ ನಾನೇ ಸಿಕ್ಕಿಸಿಕೊಂಡಿದ್ದೆ.

ಕಾರ್ಬ್ಯುರೇಟರಿಗೆ ಹೊಸ ಗ್ಯಾಸ್ಕೆಟ್, ಎಂದರೆ ಸಂದಿನಲ್ಲಿ ಕೂರಿಸುವ ತೆಳು ಪಟ್ಟಿ, ಬೇಕಿತ್ತು. ಆ ಮಾದರಿಯದು ಎಲ್ಲೂ ಸಿಗದೆ, ಭಾನುವಾರ ಇಬ್ಬರೂ ಇತವಾರಿ ಪೇಟೆಗೆ ಹೋದೆವು. ಕೈಗಾಡಿಗಳ ನಡುವೆ ನುಗ್ಗಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಅದನ್ನು ಕತ್ತರಿಸಿಕೊಳ್ಳುವ ಬರಿಯ ಹಾಳೆಯನ್ನೇ ಕೊಂಡಳು. ಮನೆಗೆ ಬಂದು ಆ ಹಾಳೆಯನ್ನು ಕಾರ್ಬ್ಯುರೇಟರಿನ ಅಂಚಿಗಿಟ್ಟು ಸುತ್ತಿಗೆಯಿಂದ ಸುತ್ತಲೂ ತಟ್ಟಿದಳು. ಗುರುತು ಮೂಡಿದ ಮೇಲೆ ಹೊಲಿಗೆಯ ಕತ್ತರಿಯಲ್ಲಿ ಕತ್ತರಿಸಿದಳು. ಚಪಾತಿಯ ಅಂಚನ್ನು ಸರಿಮಾಡುವಷ್ಟು ಸಲೀಸಾಗಿ ಮಾಡಿದ್ದು ನೋಡಿ ನಾನು ಬಾಯಿ ತೆರೆದು ಕೂತಿದ್ದೆ. ಪೆಟ್ರೋಲು ಹರಿಯುವ ಜೆಟ್ ಎಂಬ ಹಿತ್ತಾಳೆಯ ಚೂರಿನ ತೂತು ಸಾಸಿವೆಗಿಂತ ಸಣ್ಣದು, ಹಳೆಯ ಪೆಟ್ರೋಲು ಅಂಟಿ ಮುಚ್ಚಿಹೋಗಿತ್ತು. ತಂತಿ ಹಾಕಿದರೆ ತೂತು ದೊಡ್ಡದಾಗಿ ಕೆಡುತ್ತದೆಂದು ಬ್ರಶ್ಶಿನ ಒಂದೇ ಕೂದಲಿನಿಂದ ತಿವಿದೂ ತಿವಿದೂ ಬಿಡಿಸಿದಳು. ಆಮೇಲೆ ಅದನ್ನು ನನ್ನ ಕಣ್ಣಿಗೆ ಹಿಡಿದು, ಪೂರ್ವಕ್ಕೆ ನೋಡಿ ಎಂದಳು. ಆ ತೂತಿನಲ್ಲಿ ಬೆಳಗಾಗುತ್ತಿತ್ತು.

ಜೆಟ್ ಕೂರಿಸಿ ಒದೆದಾಗ ಎಂಜಿನ್ ಮೊದಲ ಸಲ ಕೆಮ್ಮಿತು. ಎರಡು ಸಲ ಕೆಮ್ಮಿ ಸುಮ್ಮನಾಯಿತು. ಮತ್ತೆ ಒದೆದರೆ ಮತ್ತೆ ಎರಡೇ ಕೆಮ್ಮು. ಅಲ್ಲಿಂದ ಮುಂದೆ ಎಷ್ಟು ದಿನ ಕಳೆದರೂ ಅದು ಎರಡು ದಾಟಲಿಲ್ಲ. ರೇವತಿ ಗಾಳಿಯ ಫಿಲ್ಟರು ತೊಳೆದಳು. ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ ಒದೆದು ಒತ್ತಡ ನೋಡಿದಳು. ಬೆರಳು ಹಾರಿ ಬಂತು, ಒತ್ತಡ ಬರೋಬರ್ ಇತ್ತು. ವಾಲ್ವಿನ ಸಂದು ಅಳೆದಳು, ಅದೂ ಸರಿ. ಕಿಡಿ ಇದೆ, ಪೆಟ್ರೋಲು ಇದೆ, ಗಾಳಿ ಇದೆ, ಒತ್ತಡ ಇದೆ, ಎಂಜಿನ್ ಮಾತ್ರ ಏಳುವುದಿಲ್ಲ. ಸಿರಿ ಕಿಟಕಿಯಿಂದಲೇ "ಅಮ್ಮಾ, ಬಸ್ ಕರ್ ನಾ, ಖಟಾರಾ ಆಗಿದೆ ಅದು" ಎಂದು ಲಟಾರಿ ಗಾಡಿಯನ್ನು ಹಂಗಿಸುತ್ತಿದ್ದಳು. ಕಾಕಾ ಪಾಪ, ಒಳ್ಳೆಯ ಮನಸ್ಸಿನಿಂದಲೇ, ನಮ್ಮ ಬೀದಿಗೆ ಬರುವ ಗುಜರಿಯ ಭಂಗಾರಿನವನು ನಂಬಿಗಸ್ತ, ಹಳೆಯ ಕಬ್ಬಿಣಕ್ಕೆ ತೂಕದಲ್ಲಿ ಮೋಸ ಮಾಡುವುದಿಲ್ಲ ಎಂದರು. ರೇವತಿ ಮತ್ತೆ ಮೊದಲಿನಿಂದ ಶುರುಮಾಡಿದಳು, ಕಿಡಿಯಿಂದ. ಸೋತವರು ಸಿಡುಕುತ್ತಾರೆ, ಬೇರೆಯವರ ಮೇಲೆ ಹರಿಹಾಯುತ್ತಾರೆ. ನಾನಂತೂ ಹಾಗೆಯೇ. ಆದರೆ ಈ ಜೋರು ಬಾಯಿಯ ಹೆಂಗಸು ಎಂಜಿನ್ ಕೆಮ್ಮಿ ಸತ್ತ ಪ್ರತಿ ಸಲವೂ ಇನ್ನಷ್ಟು ಮೆತ್ತಗೆ, ಇನ್ನಷ್ಟು ನಿಧಾನ ಆಗುತ್ತಿದ್ದಳು. ಅದನ್ನು ಪಕ್ಕದಲ್ಲಿ ಕೂತು ನೋಡುವುದು ನನ್ನ ಪುಣ್ಯವೆಂದೇ ನಾನು ತಿಳಿದಿದ್ದೇನೆ.

ಆಗ ನವತಪಾ ಬಂತು. ಮೇ ಕೊನೆಯಲ್ಲಿ ಭೂಮಿ ಹೆಚ್ಚು ಸುಡುವ ಆ ದಿನಗಳಿಗೆ ಅಲ್ಲಿಯವರು ಹಾಗೆನ್ನುತ್ತಾರೆ. ಆ ಭಾನುವಾರ ಬೆಳಿಗ್ಗೆ ಅವಳು ಒದೆಯಲೇ ಇಲ್ಲ. ಉಪಕರಣಗಳನ್ನು ಒಂದೊಂದಾಗಿ ಒರೆಸಿ ಅವುಗಳ ಆಕಾರದ ಮೇಲಿಟ್ಟಳು. ಆಮೇಲೆ ಕಾಕಾನ ಬಾಗಿಲಿಗೆ ಹೋಗಿ, ಭಂಗಾರಿನವನು ಬಂದರೆ ನಿಲ್ಲಿಸಿ ಎಂದು ಹಿಂದಿಯಲ್ಲಿ ಹೇಳಿ ಬಂದಳು. ಪ್ರಕಾಶ್ ಬರಲು ಇನ್ನು ನಾಲ್ಕೈದು ದಿನವಷ್ಟೇ ಇತ್ತು.

ನನಗೆ ತಡೆಯಲಾಗಲಿಲ್ಲ. "ನೀವ ಹಿಂಗಂದ್ರ ಹ್ಯಾಂಗ್ರಿ ರೇವತಿ? ಇನ್ನೊಂದು ಸಲ ನೋಡೂಣಲ್ಲ."

"ನೋಡೋಕೆ ಇನ್ನೇನು ಉಳಿದಿದೆ ಹೇಳಿ" ಎಂದಳು. ನಿಜಕ್ಕೂ ಕೇಳುತ್ತಿದ್ದಳು. ನಾನು ಮೇಲೆ ಹೋಗಿ ಸುಮ್ಮನೆ ಅತ್ತೆ.

ಕಷ್ಟಗಳು ಒಂಟಿಯಾಗಿ ಬರಲಾರವೇನೋ, ಅದೇ ದಿನ ನನ್ನ ಕೂಲರಿನ ಮೋಟರು ಸುಟ್ಟಿತು. ನವತಪಾದಲ್ಲಿ ಕೂಲರಿಲ್ಲದ ಮೇಲಂತಸ್ತೆಂದರೆ ಕಾದ ಹಂಚು. ಕಾಕಾನಿಗೆ ಹೇಳಿದೆ. ಹಿಂದಿನ ಬಾಲ್ಕನಿಯಲ್ಲಿ ಎರಡು ವರ್ಷದಿಂದ ಮುಟ್ಟದ ಹಳೆಯದೊಂದಿದೆ, ಅದರ ಮೋಟರು ತೆಗೆದು ಹಾಕಿಕೋ ಎಂದರು. ಬೆಳಗುಗಳ ಕಲಿಕೆಯಿಂದ ನನಗೂ ಸ್ಕ್ರೂಡ್ರೈವರಿನ ಧೈರ್ಯ ಬಂದಿತ್ತು. ಪಕ್ಕದ ಜಾಲರಿಯನ್ನು ಬಿಚ್ಚಿ ಎಳೆದೆ. ಒಣಗಿದ ಲಾವಂಚದ ಧೂಳು ಮುಖಕ್ಕೆ ಹಾರಿತು, ಅದರ ಜೊತೆಗೇ ಹಳಸಿದ ಪೆಟ್ರೋಲಿನ ವಾಸನೆ. ಇಲ್ಲಿ ಪೆಟ್ರೋಲು ಯಾಕೆ ಎಂದು ಬಗ್ಗಿ ನೋಡಿದರೆ, ಮೂಲೆಯಲ್ಲಿ ಅಳಿಲಿನ ಗೂಡು. ತೆಂಗಿನ ನಾರು, ಹತ್ತಿ, ಕರಿ ಹಿಡಿದ ಬಟ್ಟೆಯ ಎಳೆಗಳು. ಒಳಗೆ ಕಣ್ಣು ತೆರೆಯದ ಮರಿಗಳು. ಗೂಡಿನ ಸುತ್ತ ಸಿಂಬಿಯಂತೆ ಸುತ್ತಿಕೊಂಡಿತ್ತು ಒಂದು ಕೆಂಪು ರಿಬ್ಬನ್. ಅಂಚಿನ ಹೊಲಿಗೆ ನೋಡಿದ ಕೂಡಲೇ ಗುರುತು ಹತ್ತಿತು. ಕೆಳಗೆ ಮೊಳೆಗೆ ನೇತಾಡುತ್ತಿದ್ದ ನಾಲ್ಕಕ್ಕೂ ಅದೇ ಹೊಲಿಗೆ.

ಬೀದಿಯ ತುದಿಯಿಂದ ಆಗಲೇ "ಭಂಗಾರ್" ಎಂಬ ಉದ್ದನೆಯ ಕೂಗು ಬರುತ್ತಿತ್ತು. ರಿಬ್ಬನ್ನನ್ನು ಮೆಲ್ಲಗೆ ಬಿಡಿಸಿ, ಜಾಲರಿಯನ್ನು ಹಾಗೇ ಒರಗಿಸಿ, ಬರಿಗಾಲಲ್ಲೇ ಓಡಿದೆ. ಮೆಟ್ಟಿಲು ಕೆಂಡವಾಗಿತ್ತು. ಕೆಳಗೆ ಬಂದಾಗ ಭಂಗಾರಿನವನ ಕೈಗಾಡಿ ಗೇಟಿನ ಮುಂದೆ ನಿಂತಿತ್ತು. ಅವನು ಬೈಕನ್ನು ಕಣ್ಣಲ್ಲೇ ತೂಗುತ್ತಿದ್ದ. ರೇವತಿ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ನಾನು ಏದುಸಿರು ಬಿಡುತ್ತ ರಿಬ್ಬನ್ನನ್ನು ಅವಳ ಕೈಗಿಟ್ಟು, ಅಳಿಲಿನ ಗೂಡಿನ್ಯಾಗ ಸಿಕ್ತು ಎಂದೆ.

ಅವಳು ರಿಬ್ಬನ್ ನೋಡಿದಳು. ಅದರ ಕಡಿದ ತುದಿ ನೋಡಿದಳು. ಮೊಳೆಯ ಮೇಲಿನ ನಾಲ್ಕನ್ನು ನೋಡಿದಳು. ಬೈಕಿನ ಹಿಂದೆ ಮೊಣಕಾಲೂರಿ ಕೂತು ಸೈಲೆನ್ಸರಿನ ಬಾಯಿಗೆ ಟಾರ್ಚು ಹಿಡಿದಳು. ಒಳಗೆಲ್ಲ ಕರಿ. ಮಸಿಯ ಕರಿ ಯಾವುದು, ಬಟ್ಟೆಯ ಕರಿ ಯಾವುದು ಹೊರಗಿನಿಂದ ತಿಳಿಯುತ್ತಿರಲಿಲ್ಲ. ಸೈಕಲ್ಲಿನ ಕಡ್ಡಿ ಬಗ್ಗಿಸಿ ಕೊಕ್ಕೆ ಮಾಡಿ ಒಳಗೆ ಹಾಕಿ ಎಳೆದಳು. ಫ್ಲಾನೆಲ್ ಬಟ್ಟೆಯ ಒಂದು ಉಂಡೆ ಸುರುಳಿ ಬಿಚ್ಚುತ್ತ ಹೊರಗೆ ಬಂತು. ಪ್ರಕಾಶ್ ಟ್ಯಾಂಕು ಒರೆಸಿ, ಅದೇ ಬಟ್ಟೆಯಲ್ಲಿ ತುರುಕಿದ್ದ ಐದನೆಯ ಮುಚ್ಚಳ. ಅಳಿಲು ಹೊರಗೆ ಜೋತಾಡುತ್ತಿದ್ದ ರಿಬ್ಬನ್ನನ್ನೂ ಬಾಯಿಗೆ ಸಿಕ್ಕಷ್ಟು ಬಟ್ಟೆಯನ್ನೂ ಕಿತ್ತೊಯ್ದು, ಉಳಿದದ್ದನ್ನು ಒಳಗೇ ಬಿಟ್ಟಿತ್ತು. ಹೊಗೆಗೆ ಹೋಗಲು ಜಾಗವಿಲ್ಲದೆ ಎಂಜಿನ್ ಇಷ್ಟು ದಿನ ಉಸಿರುಗಟ್ಟಿ ಕೆಮ್ಮುತ್ತಿತ್ತು.

ರೇವತಿ ನೆಲದ ಮೇಲೆ ಕೂತು ನಗತೊಡಗಿದಳು. "ಬೇರೆ ಯಾರೇ ಆಗಿದ್ರೂ ಹೊಗೆ ಬರುತ್ತಾ ಅಂತ ಮೊದಲು ಸೈಲೆನ್ಸರಿಗೆ ಕೈ ಅಡ್ಡ ಹಿಡೀತಿದ್ರು. ನಾವು ರಿಬ್ಬನ್ ಇಲ್ಲ ಅಂದ್ಮೇಲೆ ಮುಚ್ಚಳಾನೂ ಇಲ್ಲ ಅನ್ನೋ ಜನ" ಎಂದಳು. ನಗುನಗುತ್ತಲೇ ಕಣ್ಣು ಒರೆಸಿಕೊಂಡು ಎದ್ದಳು.

ಎರಡನೆಯ ಒದೆತಕ್ಕೆ ಬೈಕು ಎದ್ದಿತು. ಮಸಿಯ ಒಂದು ಮುದ್ದೆ ಗೋಡೆಗೆ ಬಡಿದು, ಆ ಮೇಲೆ ಸದ್ದೋ ಸದ್ದು. ಎದೆಗೂಡೇ ನಡುಗುವಂಥ ಸದ್ದು. ಕಾಕಾ ಊಟದ ಕೈಯಲ್ಲೇ ಹೊರಗೆ ಬಂದರು. ತಿಂಗಳಿಡೀ ಖಟಾರಾ ಎಂದ ಸಿರಿ ಬಾಗಿಲಲ್ಲಿ ಬಂದು ನಿಂತು ತಾಯಿಯನ್ನೇ ನೋಡುತ್ತಿದ್ದಳು. ಭಂಗಾರಿನವನು ಸ್ವಲ್ಪ ಹೊತ್ತು ಕೇಳಿ, "ಯೇ ತೋ ಜಿಂದಾ ಹೈ" ಎಂದು, ಜೀವ ಇರುವುದು ತನಗೇಕೆ ಎಂಬಂತೆ ಗೊಣಗಿ ಗಾಡಿ ತಳ್ಳಿಕೊಂಡು ಹೋದ.

ಮಾರನೆಯ ಬೆಳಿಗ್ಗೆ ಮಿಹಾನ್ ಕೈಗಾರಿಕಾ ಪ್ರದೇಶದ ಆಚೆ, ಇನ್ನೂ ಮನೆಗಳು ಏಳದ ಬಯಲಿಗೆ ಅವಳು ಬೈಕು ಒಯ್ದಳು. ಕಾಕಾನ ಸ್ಕೂಟರಿನ ಹಿಂದೆ ಕೂತು ನಾನೂ ಹೋದೆ. ಅಗೆದು ಗುಡ್ಡೆ ಹಾಕಿದ್ದ ಕಪ್ಪು ಮಣ್ಣಿನ ದಿಬ್ಬಗಳ ಮೇಲೆ ಅವಳು ಎದ್ದು ನಿಂತು ಏರಿದಳು. ತುದಿಯಲ್ಲಿ ಎರಡೂ ಚಕ್ರ ನೆಲ ಬಿಟ್ಟವು. ಮಗಳ ಟ್ರ್ಯಾಕ್ ಪ್ಯಾಂಟು ತೊಟ್ಟು, ನಲವತ್ತು ದಾಟಿದ, ನಿನ್ನೆ ಸೋತು ಗೋಡೆಗೆ ಮುಖ ಮಾಡಿದ್ದ ಹೆಂಗಸು ಆಕಾಶದಲ್ಲಿದ್ದಳು. ನಾನು ಬದುಕಿನಲ್ಲಿ ಬಹಳ ಜನರನ್ನು ಮೆಚ್ಚಿದ್ದೇನೆ, ಹೊಟ್ಟೆಕಿಚ್ಚಿಲ್ಲದೆ ಮೆಚ್ಚಿದ್ದು ಅವಳೊಬ್ಬಳನ್ನೇ. ಕಾಕಾ ಮೆಲ್ಲಗೆ, ಇವಳು ನನ್ನ ಬಾಡಿಗೆದಾರಳು ಎಂದು ದಾರಿಹೋಕರಿಗೆ ಹೇಳುತ್ತಿದ್ದರು.

ಹಳೆಯ ಕೂಲರಿನ ಮೋಟರನ್ನು ನಾನು ಮುಟ್ಟಲಿಲ್ಲ. ಜಾಲರಿಯನ್ನು ಮೆಲ್ಲಗೆ ಮುಚ್ಚಿ, ಅಳಿಲು ಓಡಾಡುವಷ್ಟು ಸಂದು ಬಿಟ್ಟೆ. ಹೊಸ ಮೋಟರು ಬರುವವರೆಗೆ ಒದ್ದೆ ಬೆಡ್‌ಶೀಟು ಹೊದ್ದು ಮಲಗಿದೆ.

ಪ್ರಕಾಶ್ ಬಂದರು. ಸಣಕಲು ಮೈಯ, ಮಾತು ಕಡಿಮೆಯ ಮನುಷ್ಯ. ಬೈಕಿನ ಸದ್ದನ್ನು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಯಾರು ಮಾಡಿದ್ದು ಎಂದು ಕೇಳಲಿಲ್ಲ. ಹೆಂಡತಿಯ ಉಗುರಿನ ಸಂದಿನ ಕರಿ ನೋಡಿ ಅವಳ ಕೈಯನ್ನು ಹಿಡಿದುಕೊಂಡರು. ಲಾರಿ ಬಂದ ದಿನ ಮೊದಲು ಏರಿದ್ದೇ ಬೈಕು, ಮಂಚ ಅಲಮಾರಗಳು ಆಮೇಲೆ. ದಾರಿಗೆಂದು ಮತ್ತೆ ಅದರ ಬಾಯಿಗಳನ್ನೆಲ್ಲ ಮುಚ್ಚಬೇಕಿತ್ತು. ಪ್ರಕಾಶ್ ಮೊಳೆಯಿಂದ ರಿಬ್ಬನ್ನುಗಳನ್ನು ಇಳಿಸಿ ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಕೆಲಸದ ಜನ ಕಾಯುತ್ತಿದ್ದರೂ ಅವರಿಗೆ ಮುಂದುವರಿಯಲು ಆಗಲಿಲ್ಲ.

"ಐದು ಕಟ್ಟಿದ್ದೆ. ನಾಲ್ಕೇ ಇದೆ" ಎಂದರು.

ಅಷ್ಟು ದಿನಗಳಲ್ಲಿ ಯಾವ ಸಂಜೆ ಬೇಕಾದರೂ ಫೋನಿನಲ್ಲಿ ಕೇಳಬಹುದಾಗಿದ್ದ, ಕೇಳಿದ್ದರೆ ಅವತ್ತೇ ಮುಗಿದುಹೋಗುತ್ತಿದ್ದ ಮಾತು ಅದು. ರೇವತಿ ನನ್ನ ಕಡೆ ನೋಡಿದಳು, ನಾನು ಅವಳ ಕಡೆ. ಅವಳು ತನ್ನ ಕೆಂಪು ಕುಪ್ಪಸದ ಬಟ್ಟೆಯೊಂದನ್ನು ಉದ್ದಕ್ಕೆ ಹರಿದು ಸೈಲೆನ್ಸರಿನ ಮುಚ್ಚಳಕ್ಕೆ ತಾನೇ ಕಟ್ಟಿದಳು. ಅಳಿಲು ಕಡಿದ ಐದನೆಯದನ್ನು ಸೊಂಟದಿಂದ ತೆಗೆದು ನನ್ನ ಕೈಗಿಟ್ಟು ಬೆರಳು ಮಡಚಿದಳು. ಆಮೇಲೆ ಗಂಡನಿಗೆ ಹೇಳಿದಳು.

"ಅದು ಇಲ್ಲೇ ಇರಲಿ ಬಿಡಿ. ಪ್ರತಿ ಊರಲ್ಲೂ ಏನಾದ್ರೂ ಒಂದು ಬಿಟ್ಟು ಹೋಗ್ಬೇಕಲ್ಲ."